ಬೆಕ್ಕಿನ ಮೂರ್ಛೆ, ಮನುಷ್ಯರ ಋಣ

ವರ್ಷ ತುಂಬದ ಬೆಕ್ಕೊಂದು ಕಿಟಕಿಯ ಕಟ್ಟೆಯಿಂದ ಧೊಪ್ಪನೆ ಬೀಳುತ್ತದೆ. ಕಾಲುಗಳು ಸೈಕಲ್ ತುಳಿದಂತೆ ಆಡುತ್ತವೆ, ಬಾಯಲ್ಲಿ ನೊರೆ, ನೆಲದ ಮೇಲೆ ಉಚ್ಚೆ. ಒಂದೂವರೆ ನಿಮಿಷ ಕಳೆಯುವಷ್ಟರಲ್ಲಿ ಎಲ್ಲ ಮುಗಿದು, ತೂರಾಡುತ್ತ ಎದ್ದು ನಿಲ್ಲುತ್ತದೆ. ಮನೆಯಲ್ಲಿ ಪಂಚಾಯಿತಿ ಶುರುವಾಗುವುದು ಆಗ. ಹಲ್ಲಿ ತಿಂದಿರಬೇಕು, ಯಾರೋ ವಿಷ ಹಾಕಿರಬೇಕು, ದೃಷ್ಟಿಯಾಗಿರಬೇಕು. ಬೆಕ್ಕಿಗೂ ಫಿಟ್ಸ್ ಬರುತ್ತದೆಯೇ ಎಂದು ಯಾರಾದರೂ ಕೇಳುವುದು ಕೊನೆಗೆ. ಬರುತ್ತದೆ. ಮನುಷ್ಯರ ಫಿಟ್ಸಿಗೆ ಇವತ್ತಿಗೂ ಕೊಡುವ ಒಂದು ಮಾತ್ರೆ ಹುಟ್ಟಿದ್ದೇ ಬೆಕ್ಕಿಗೆ ಫಿಟ್ಸ್ ಬರಿಸಿ ನೋಡಿದ್ದರಿಂದ.

1930ರ ದಶಕದವರೆಗೆ ಅಪಸ್ಮಾರಕ್ಕೆ ಇದ್ದ ಮುಖ್ಯ ಮದ್ದುಗಳು ಎರಡು. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಹೇಳಿದ ಬ್ರೋಮೈಡ್ ಒಂದು. ನಿದ್ದೆಯ ಔಷಧವಾಗಿ ಬಂದು, 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹೌಪ್ಟ್‌ಮನ್ ಕಣ್ಣಿಗೆ ಸೆಳೆತ ತಡೆಯುವ ಔಷಧವಾಗಿ ಕಂಡ ಫಿನೋಬಾರ್ಬಿಟಾಲ್ ಇನ್ನೊಂದು. ಎರಡೂ ಸಿಕ್ಕಿದ್ದು ಹೆಚ್ಚುಕಡಿಮೆ ಅದೃಷ್ಟದಿಂದ. ಲೆಕ್ಕ ಹಾಕಿ ಹುಡುಕುವ ಕೆಲಸ ಆರಂಭವಾದದ್ದು ಬಾಸ್ಟನ್‌ನಲ್ಲಿ, ಟ್ರೇಸಿ ಪುಟ್ನಮ್ ಮತ್ತು ಹ್ಯೂಸ್ಟನ್ ಮೆರಿಟ್ ಅವರಿಂದ. ಎಷ್ಟು ವಿದ್ಯುತ್ ಹರಿಸಿದರೆ ಬೆಕ್ಕಿಗೆ ಸೆಳೆತ ಬರುತ್ತದೆ ಎಂದು ಮೊದಲು ಅಳೆದರು. ಒಂದೊಂದೇ ರಾಸಾಯನಿಕ ಕೊಟ್ಟು ಮತ್ತೆ ಅಳೆದರು. ಹೀಗೆ ಆರಿಸಿ ತೆಗೆದ ಫೆನಿಟಾಯಿನ್‌ನ ವಿವರ 1937ರಲ್ಲಿ ಪ್ರಕಟವಾಯಿತು. ಮರುವರ್ಷ ಅದು ರೋಗಿಗಳ ಕೈಗೆ ಬಂತು.

ಆದರೆ ಇದೇ ಫೆನಿಟಾಯಿನ್ ಬೆಕ್ಕಿಗೆ ದಿನವೂ ಕೊಡುವಂಥ ಮದ್ದಲ್ಲ. ಅದನ್ನು ಕರಗಿಸಿ ಹೊರಹಾಕಲು ಬೆಕ್ಕಿನ ದೇಹ ದಿನಗಟ್ಟಲೆ ಹೆಣಗುತ್ತದೆ, ಮದ್ದು ಒಳಗೇ ಕೂಡಿಕೊಂಡು ನಂಜಾಗುತ್ತದೆ. ಯಾವ ಪ್ರಾಣಿಯಿಂದ ಕಲಿತರೋ ಅದಕ್ಕೇ ಪಾಠ ದಕ್ಕಲಿಲ್ಲ. ಬೆಕ್ಕಿನ ಮೂರ್ಛೆಯ ಚರಿತ್ರೆ ಓದುವಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಈ ಸಂಗತಿಯೇ.

ಮುಂದಿನ ದಶಕಗಳಲ್ಲೂ ಬೆಕ್ಕು ಪ್ರಯೋಗಶಾಲೆ ಬಿಡಲಿಲ್ಲ. ಮಾಂಟ್ರಿಯಲ್‌ನಲ್ಲಿ ಪಿಯರ್ ಗ್ಲೂರ್ ಅವರ ತಂಡ ಭಾರಿ ಪ್ರಮಾಣದ ಪೆನಿಸಿಲಿನ್ ಚುಚ್ಚಿ, ಮಕ್ಕಳಲ್ಲಿ ಕಾಣುವ 'ಕಣ್ಣು ನೆಟ್ಟು ನಿಂತುಬಿಡುವ' ಬಗೆಯ ಮೂರ್ಛೆಯನ್ನು ಬೆಕ್ಕಿನಲ್ಲಿ ತರಿಸಿ ಅಭ್ಯಾಸ ಮಾಡಿತು. ವ್ಯಾಂಕೂವರ್‌ನಲ್ಲಿ ಜುನ್ ವಾಡಾ 1970ರ ದಶಕದಲ್ಲಿ ಬೆಕ್ಕಿನ ಮೆದುಳಿನ ಅಮಿಗ್ಡಲಾ ಭಾಗವನ್ನು ಸಣ್ಣ ವಿದ್ಯುತ್ತಿನಿಂದ ದಿನವೂ ಕೆಣಕಿದರು. ಮೊದಮೊದಲು ಮುಖದ ಒಂದು ಬದಿ ಅದುರುತ್ತಿತ್ತು. ಆಮೇಲೆ ಎರಡೂ ಬದಿ. ಕೊನೆಗೆ ಇಡೀ ಮೈ. ಮುಖದ ಆ ಅದುರುವಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ದಶಕಗಳಲ್ಲಿ ಮನೆಯ, ಬೀದಿಯ ಬೆಕ್ಕಿನ ಸೆಳೆತವನ್ನು ಯಾರು ಗಮನಿಸುತ್ತಿದ್ದರು? ಜಪಾನಿನ ಮಿನಮಾಟಾ ಕೊಲ್ಲಿಯ ಬೆಸ್ತರು ಗಮನಿಸಿದ್ದರು. 1950ರ ದಶಕದ ಆರಂಭದಲ್ಲಿ ಅಲ್ಲಿನ ಬೆಕ್ಕುಗಳು ಜೊಲ್ಲು ಸುರಿಸುತ್ತ, ಸೆಳೆತಕ್ಕೆ ಸಿಕ್ಕಿ ಗಿರಗಿರನೆ ಸುತ್ತುತ್ತ, ದಿಕ್ಕುಗೆಟ್ಟು ಸಮುದ್ರಕ್ಕೆ ಬೀಳತೊಡಗಿದವು. ಜನ ಅದನ್ನು 'ಕುಣಿಯುವ ಬೆಕ್ಕಿನ ರೋಗ' ಎಂದರು. ಮನುಷ್ಯರಲ್ಲಿ ಅದೇ ರೋಗ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಅಲ್ಲಿನ ಚಿಸ್ಸೋ ಕಂಪನಿಯ ಕಾರ್ಖಾನೆಯ ಆಸ್ಪತ್ರೆಯ ಮುಖ್ಯಸ್ಥ ಹಾಜಿಮೆ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯನೀರನ್ನು ಬೆಕ್ಕುಗಳ ಊಟಕ್ಕೆ ಬೆರೆಸಿ ನೋಡಿದರು. 1959ರ ಅಕ್ಟೋಬರಿನಲ್ಲಿ 400ನೇ ಸಂಖ್ಯೆಯ ಬೆಕ್ಕು ಸೆಳೆತಕ್ಕೆ ಬಿತ್ತು. ಆ ಫಲಿತಾಂಶ ಹೊರಬೀಳದಂತೆ ಕಂಪನಿ ನೋಡಿಕೊಂಡಿತು. ಕಾರ್ಖಾನೆಯ ಪಾದರಸವೇ ಕಾರಣವೆಂದು ಸರ್ಕಾರ ಒಪ್ಪಲು 1968 ಬರಬೇಕಾಯಿತು.

ಮೂರ್ಛೆ ಎಂದೊಡನೆ ಮೆದುಳನ್ನೇ ದೂರುವುದು ತಪ್ಪು ಎಂಬುದಕ್ಕೆ ಮಿನಮಾಟಾಕ್ಕಿಂತ ದೊಡ್ಡ ಸಾಕ್ಷಿ ಬೇಡ. ಎಳೆಯ ಬೆಕ್ಕಿನ ವಿಷಯದಲ್ಲಂತೂ ಪಶುವೈದ್ಯರು ಮೊದಲು ತಡಕುವುದು ಹೊರಗಿನ ಕಾರಣಗಳನ್ನೇ. ನಮ್ಮ ಮನೆಗಳಲ್ಲಿ ತೀರಾ ಸುಲಭವಾಗಿ ಆಗುವ ಅನಾಹುತ ನಾಯಿಯ ಉಣ್ಣೆಗೆಂದು ತಂದ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿನ ಕತ್ತಿಗೂ ಸವರುವುದು. ನಾಯಿಗೆ ಏನೂ ಆಗದ ಪ್ರಮಾಣ ಬೆಕ್ಕಿಗೆ ಗಂಟೆಗಟ್ಟಲೆ ನಡುಕ, ಸೆಳೆತ ತರಬಲ್ಲದು, ಕೊಲ್ಲಲೂಬಹುದು. ಇಂಥ ವಸ್ತುಗಳಿಗೆ ಸಕ್ಕರೆಯ ಅಂಶವೊಂದನ್ನು ಅಂಟಿಸಿ ಮೂತ್ರದಲ್ಲಿ ಸಾಗಹಾಕುವ ಕೆಲಸದಲ್ಲಿ ಬೆಕ್ಕಿನ ಲಿವರ್ ಬಹಳ ಹಿಂದೆ. ಅರ್ಧ ಪ್ಯಾರಾಸಿಟಮಾಲ್ ಮಾತ್ರೆಯೂ ಅದಕ್ಕೆ ಪ್ರಾಣಕಂಟಕವಾಗುವುದು ಇದರಿಂದಲೇ. ಕರಾವಳಿಯ ಮನೆಗಳವರು ಇನ್ನೊಂದನ್ನು ಗಮನಿಸಬೇಕು. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದೆ. ದಿನವೂ ಬರೀ ಅದನ್ನೇ ತಿಂದ ಬೆಕ್ಕು ಮೊದಲು ಊಟ ಬಿಡುತ್ತದೆ, ಆಮೇಲೆ ಗದ್ದ ಎದೆಗೆ ತಾಗುವಂತೆ ತಲೆ ಬಾಗಿಸುತ್ತದೆ, ಕೊನೆಗೆ ಸೆಳೆತ. ಮೀನು ಬೇಯಿಸಿದರೆ ಆ ಕಿಣ್ವ ಸಾಯುತ್ತದೆ.

ಮಿಕ್ಕ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ತೀರಾ ಸಣ್ಣ ಮರಿಗಳಲ್ಲಿ ಹಸಿವಿನಿಂದ ರಕ್ತದ ಸಕ್ಕರೆ ಕುಸಿಯುವುದು, ಹುಟ್ಟಿನಿಂದಲೇ ರಕ್ತ ಲಿವರನ್ನು ಹಾಯದೆ ಅಡ್ಡದಾರಿ ಹಿಡಿಯುವುದು, ಟಾಕ್ಸೋಪ್ಲಾಸ್ಮಾ ಸೋಂಕು, ತಲೆಗೆ ಬಿದ್ದ ಪೆಟ್ಟು. ಬೆಕ್ಕಿನದೇ ಕೊರೋನಾ ವೈರಸ್ಸಿನಿಂದ ಬರುವ ಎಫ್‌ಐಪಿ ಎಂಬ ರೋಗ ಮೆದುಳಿಗೆ ಏರಿದರೆ ಸಾವೇ ಎನ್ನುವ ಕಾಲವಿತ್ತು. 2019ರಲ್ಲಿ ಕ್ಯಾಲಿಫೋರ್ನಿಯಾದ ನೀಲ್ಸ್ ಪೆಡರ್ಸನ್ ಅವರ ತಂಡ ಜಿಎಸ್-441524 ಔಷಧದ ಫಲಿತಾಂಶ ಪ್ರಕಟಿಸಿದ ಮೇಲೆ ಆ ಮಾತು ಬದಲಾಯಿತು.

ಸಾಕುಬೆಕ್ಕಿನ ಮೂರ್ಛೆ ತನ್ನದೇ ಆದ ಅಧ್ಯಯನ ಕ್ಷೇತ್ರವಾದದ್ದು ಈಚೆಗೆ. 2000ದಲ್ಲಿ ಸ್ವಿಟ್ಜರ್ಲೆಂಡಿನ ಫಾಟ್ಜರ್ ಮತ್ತು ಸಂಗಡಿಗರು ಸೆಳೆತವಿದ್ದ 38 ಬೆಕ್ಕುಗಳ ಮೆದುಳು ಪರೀಕ್ಷಿಸಿ, ಹಿಪ್ಪೊಕ್ಯಾಂಪಸ್ ಭಾಗದ ಜೀವಕೋಶಗಳು ಸತ್ತಿರುವುದನ್ನು ವರದಿ ಮಾಡಿದರು. ಇಂಥ ಬೆಕ್ಕುಗಳು ಮೈಯೆಲ್ಲ ಒದ್ದಾಡದೆಯೂ ಇರಬಹುದು. ಮುಖ ಅದುರುತ್ತದೆ, ಬಾಯಿ ಚಪ್ಪರಿಸುತ್ತವೆ, ಜೊಲ್ಲು ಸುರಿಸುತ್ತವೆ, ಇದ್ದಕ್ಕಿದ್ದಂತೆ ಓಡುತ್ತವೆ. ಇಪ್ಪತ್ತೈದು ವರ್ಷ ಹಿಂದೆ ವಾಡಾ ಕೈಯಾರೆ ತರಿಸಿದ್ದ ಅದೇ ಅದುರುವಿಕೆ ಈಗ ಯಾರ ಕೈವಾಡವೂ ಇಲ್ಲದೆ ಬಂದಿತ್ತು. 2013ರಲ್ಲಿ ವಿಯೆನ್ನಾದ ಆಕೋಸ್ ಪಾಕೋಜ್ಡಿ ಅವರ ತಂಡ ಇಂಥ ಕೆಲವು ಬೆಕ್ಕುಗಳ ರಕ್ತದಲ್ಲಿ ಎಲ್‌ಜಿಐ1 ಎಂಬ ಪ್ರೋಟೀನಿನ ಮೇಲೆ ತಿರುಗಿಬಿದ್ದ ಪ್ರತಿಕಾಯಗಳನ್ನು ಕಂಡಿತು. ಮನುಷ್ಯರಲ್ಲಿ ಆ ಪ್ರತಿಕಾಯ ಗುರುತಾಗಿ ಆಗ ಮೂರೇ ವರ್ಷವಾಗಿತ್ತು. ಋಣ ಈ ಸಲ ಬೇಗ ತೀರಿತು.

2016ರ ಇನ್ನೊಂದು ವರದಿ ನಮ್ಮವರಿಗೆ ಹೊಸದೆನಿಸಲಾರದು. ಬ್ರಿಟನ್ನಿನ ಮಾರ್ಕ್ ಲೋರಿ ಮತ್ತು ಸಂಗಡಿಗರು 96 ಬೆಕ್ಕುಗಳನ್ನು ವಿವರಿಸಿದರು. ತಗಡಿನ ಹಾಳೆ ಮುದುರಿದ ಸದ್ದು, ಪಿಂಗಾಣಿ ಬಟ್ಟಲಿಗೆ ಚಮಚ ತಾಗಿದ ಸದ್ದು, ಬೀಗದ ಕೈ ಗೊಂಚಲಿನ ಸದ್ದಿಗೆ ಅವುಗಳಿಗೆ ಫಿಟ್ಸ್ ಬರುತ್ತಿತ್ತು. ಹೆಚ್ಚಿನವು ಮುದಿ ಬೆಕ್ಕುಗಳು. ಪತ್ರಿಕೆಗಳು ಇದಕ್ಕೆ 'ಟಾಮ್ ಅಂಡ್ ಜೆರ್ರಿ' ಎಂದು ಹೆಸರಿಟ್ಟು ನಕ್ಕವು. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆಯನ್ನು ದಕ್ಷಿಣ ಕರ್ನಾಟಕದ ಮನೆಗಳು ಹಿಂದಿನಿಂದ ಬಲ್ಲವು. 1968ರಲ್ಲಿ ಕೆ.ಎಸ್. ಮಣಿ ಮತ್ತು ಸಂಗಡಿಗರು, ಆಮೇಲೆ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಅದನ್ನು ಜಗತ್ತಿಗೆ ತಿಳಿಸಿದವರು. ಹಂಡೆಯ ನೀರೋ ಚಮಚದ ಸದ್ದೋ, ಕೆಣಕುವ ವಸ್ತು ಬೇರೆಯಾದರೂ ಎರಡೂ ಒಂದೇ ಜಾತಿಯ ಮೂರ್ಛೆ.

2015ರಲ್ಲಿ ಅಂತರರಾಷ್ಟ್ರೀಯ ಪಶುವೈದ್ಯ ಅಪಸ್ಮಾರ ಕಾರ್ಯಪಡೆ ಪರಿಭಾಷೆಯನ್ನೂ ಪರೀಕ್ಷೆಯ ಕ್ರಮವನ್ನೂ ಒಂದು ಹದಕ್ಕೆ ತಂದಿತು. ಅಲ್ಲಿಯೂ ಹೆಚ್ಚು ಪುಟ ಸಿಕ್ಕಿದ್ದು ನಾಯಿಗೇ.

ಬೆಕ್ಕನ್ನು ಸಣ್ಣ ನಾಯಿಯೆಂದು ಎಣಿಸಿದ್ದರ ಬೆಲೆ ಔಷಧಗಳಲ್ಲಿ ಕಂಡಿತು. ದಿನವೂ ಬಾಯಿಂದ ಕೊಟ್ಟ ಡಯಾಜೆಪಾಮ್ ಕೆಲವು ಬೆಕ್ಕುಗಳ ಲಿವರನ್ನೇ ಕೊಳೆಯಿಸುತ್ತದೆಂದು 1996ರಲ್ಲಿ ಗೊತ್ತಾಯಿತು. ತುರ್ತಿಗೆ ಅದು ಈಗಲೂ ಉಂಟು, ದಿನದ ಮಾತ್ರೆಯಾಗಿ ಇಲ್ಲ. ನಾಯಿಗೆ ಒಗ್ಗುವ ಬ್ರೋಮೈಡ್ ಬೆಕ್ಕಿನಲ್ಲಿ ಉಬ್ಬಸದಂಥ ಕೆಮ್ಮು ತರುತ್ತದೆಂದು 2002ರ ವರದಿ ಹೇಳಿತು. ಉಳಿದುಕೊಂಡದ್ದು ಶತಮಾನ ದಾಟಿದ ಮುದುಕ ಫಿನೋಬಾರ್ಬಿಟಾಲ್. ನಮ್ಮಲ್ಲಿ ಮನುಷ್ಯರ ಗಾರ್ಡೆನಾಲ್ ಮಾತ್ರೆಯನ್ನೇ ತುಂಡುಮಾಡಿ ಕೊಡುವುದುಂಟು, ವೈದ್ಯರು ಬರೆದ ಲೆಕ್ಕದಲ್ಲಿ. ಜೊತೆಗೆ ಬಂದ ಲೆವೆಟಿರಾಸೆಟಾಮ್‌ಗೆ ಲಿವರಿನ ಗೊಡವೆಯಿಲ್ಲ. ಸದ್ದಿನ ಮೂರ್ಛೆಗೂ ಅದೇ ವಾಸಿ. ಆದರೆ ದಿನಕ್ಕೆ ಮೂರು ಸಲ ಬೆಕ್ಕಿನ ಬಾಯಿ ಬಿಡಿಸುವುದೆಂದರೆ ಏನೆಂಬುದನ್ನು ಬೆಕ್ಕು ಸಾಕಿದವರೇ ಬಲ್ಲರು. ಒಂದೇ ಸಲ ಬಂದುಹೋದ ಸೆಳೆತಕ್ಕೆ ಸಾಮಾನ್ಯವಾಗಿ ಮಾತ್ರೆ ಶುರುಮಾಡುವುದಿಲ್ಲ. ಶುರುಮಾಡಿದ್ದನ್ನು ಫಕ್ಕನೆ ನಿಲ್ಲಿಸುವಂತೆಯೂ ಇಲ್ಲ.

ಸೆಳೆತದ ಹೊತ್ತಿಗೆ ಮನೆಯವರು ಮಾಡಬೇಕಾದ ಕೆಲಸ ಬಹಳ ಕಡಿಮೆ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು, ನೀರು ಚಿಮುಕಿಸುವುದು ಯಾವುದೂ ಬೇಡ. ಬೆಕ್ಕು ನಾಲಿಗೆ ನುಂಗುವುದಿಲ್ಲ, ಬಾಯಿಗೆ ಕೈ ಹಾಕಿದವರ ಬೆರಳು ಮಾತ್ರ ಹೋಗುತ್ತದೆ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಲಸಿಕೆಯಿಲ್ಲದೆ ಬೀದಿ ಸುತ್ತುವ ಬೆಕ್ಕಿನ ಸೆಳೆತದ ಹಿಂದೆ ರೇಬಿಸ್ ಇರುವ ಶಂಕೆ ನಮ್ಮ ದೇಶದಲ್ಲಿ ಇದ್ದೇ ಇರುತ್ತದೆ. ಮೆಟ್ಟಿಲು, ಮೇಜಿನ ಮೂಲೆಗಳಿಂದ ಬೆಕ್ಕನ್ನು ದೂರ ಸರಿಸಿ ದೀಪ ಮಂದ ಮಾಡಿ. ಒಬ್ಬರು ಗಡಿಯಾರ ನೋಡಲಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ಐದು ನಿಮಿಷ ದಾಟಿದರೆ, ಅಥವಾ ಒಂದೇ ದಿನದಲ್ಲಿ ಎರಡನೆಯ ಸಲ ಬಂದರೆ, ಬೆಳಗಾಗಲೆಂದು ಕಾಯದೆ ಹೊರಡಬೇಕು. ಬೆಕ್ಕು ವೈದ್ಯರ ಮೇಜಿನ ಮೇಲೆ ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ. ಆ ಒಂದೂವರೆ ನಿಮಿಷದ ವಿಡಿಯೊ ಅಲ್ಲಿ ಎಷ್ಟೋ ರಕ್ತಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ.

ಸೆಳೆತ ನಿಂತ ಮೇಲೂ ಸ್ವಲ್ಪ ಹೊತ್ತು ಅದಕ್ಕೆ ಕಣ್ಣು ಕಾಣದಿರಬಹುದು, ಸಾಕಿದವರ ಗುರುತೂ ಹತ್ತದಿರಬಹುದು. ಮನೆಯಲ್ಲಿರುವ ಇನ್ನೊಂದು ಬೆಕ್ಕು ಈ ಅಪರಿಚಿತನ ಮೇಲೆ ಎರಗಬಹುದು, ಅದನ್ನು ಬೇರೆ ಕೋಣೆಯಲ್ಲಿಡಿ. ಸೆಳೆತ ಬಂದ ಬೆಕ್ಕನ್ನು ಎತ್ತಿ ಮುದ್ದಾಡಬೇಡಿ. ತಾನಾಗಿ ಬಂದು ಕಾಲಿಗೆ ಮೈ ಉಜ್ಜಿದ ಮೇಲೆ ಊಟದ ತಟ್ಟೆ ಮುಂದಿಟ್ಟರೆ ಸಾಕು.