ಚಾರ್ಮಾಡಿಯ ಅನ್ನದ ದಾರಿ



‘ಆಹಾರದ ಮರುಭೂಮಿ’ ಎಂಬ ಮಾತನ್ನು ನಿಮ್ಮಲ್ಲಿ ಪರದೇಶಗಳಲ್ಲಿ ನೆಲೆಸಿರುವವರು ಕೇಳಿರಬಹುದು. 1990ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನಲ್ಲಿ ಬಳಕೆಗೆ ಬಂದ ಈ ಮಾತು ಬಳಿಕ ಅಮೆರಿಕಕ್ಕೂ ಹಬ್ಬಿತು. ಹಳ್ಳಿಗಾಡಿನಲ್ಲಿ ಹತ್ತು ಮೈಲಿಯೊಳಗೆ ದೊಡ್ಡ ಆಹಾರ ಮಳಿಗೆಯಿಲ್ಲದ ಬಡ ಪ್ರದೇಶಗಳನ್ನು ಅಲ್ಲಿಯ ಕೃಷಿ ಇಲಾಖೆ ಈ ಹೆಸರಿನಿಂದ ಗುರುತಿಸಿತು. ಅದೇ ಅಳತೆಗೋಲನ್ನು ತಂದು ನಮ್ಮ ಚಾರ್ಮಾಡಿಯ ಮೇಲಿಟ್ಟರೆ ನಗು ಬರುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಮನೆಯಂಗಳದಿಂದಲೇ ಹಸುರು ಆರಂಭವಾಗುವ ಈ ಘಟ್ಟದ ಬುಡಕ್ಕೂ ಮರುಭೂಮಿಗೂ ಎತ್ತಣ ಸಂಬಂಧ? ಆದರೂ ಈ ಹಸುರಿನ ನಡುವೆಯೇ ಜನರು ಹಸಿದಿದ್ದರು. ಅದು ಹೇಗೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ವಿರೋಧಾಭಾಸವನ್ನು ಗಮನಿಸಬೇಕು. ಕನ್ನಡ ಕರಾವಳಿಯು ಅಕ್ಕಿಯ ಕೊರತೆಯ ನಾಡಾಗಿರಲಿಲ್ಲ, ಅಕ್ಕಿಯನ್ನು ಹೊರಗೆ ಕಳುಹಿಸುವ ನಾಡಾಗಿತ್ತು. 16 ಮತ್ತು 17ನೆಯ ಶತಮಾನಗಳಲ್ಲಿ ಗೋವೆಯ ಪೋರ್ಚುಗೀಸರು ಮಂಗಳೂರು, ಬಸರೂರುಗಳ ಅಕ್ಕಿಯನ್ನು ನಂಬಿಕೊಂಡಿದ್ದರು. ಅರಬ್ಬೀ ದೇಶಗಳಿಗೂ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ನೇತ್ರಾವತಿಯ ದಡದ ಬಂಟ್ವಾಳವು ಘಟ್ಟದ ಮೇಲಿನ ಸರಕು ದೋಣಿಯೇರಿ ಮಂಗಳೂರಿಗೆ ಇಳಿಯುವ ದೊಡ್ಡ ಪೇಟೆಯಾಗಿತ್ತು. ಚಾರ್ಮಾಡಿ ಆ ದಾರಿಯ ಮೇಲಿನ ಬಾಗಿಲು. ಉಪ್ಪು, ಒಣಮೀನು ಮೇಲಕ್ಕೆ ಹೋಗುತ್ತಿದ್ದವು. ಬಯಲುಸೀಮೆಯ ಸರಕು, ಮುಂದೆ ಕಾಫಿ ಕೆಳಗಿಳಿಯುತ್ತಿದ್ದವು. ಆಹಾರವು ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದರೂ ಮನೆಯೊಳಗಿನ ಗಡಿಗೆ ತುಂಬುವುದು ಬೇರೆ ಸಂಗತಿಗಳನ್ನು ಅವಲಂಬಿಸಿತ್ತು.

ಅವುಗಳಲ್ಲಿ ಮೊದಲನೆಯದು ಗೇಣಿ. ನಮ್ಮ ಗದ್ದೆಗಳಲ್ಲಿ ಬಯಲು, ಮಜಲು, ಬೆಟ್ಟು ಎಂಬ ಮೂರು ಬಗೆ. ನೀರು ನಿಲ್ಲುವ ಬಯಲಿನಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿ ಒಂದೇ. ಉಳುವವನು ಒಕ್ಕಲು, ಒಡೆತನ ಧಣಿಗಳದು ಇಲ್ಲವೇ ದೇವಸ್ಥಾನದ್ದು. ಗೇಣಿಯನ್ನು ಅಳೆಯುತ್ತಿದ್ದುದು ಅಕ್ಕಿಯ ಮುಡಿಗಳಲ್ಲಿ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಬೈಹುಲ್ಲಿನಲ್ಲಿ ದುಂಡಗೆ ಬಿಗಿದು ಕಟ್ಟಿದ ಆ ಮುಡಿಗಳು ಕೊಯ್ಲಾದೊಡನೆ ಧಣಿಗಳ ಪತ್ತಾಯವನ್ನು ಸೇರುತ್ತಿದ್ದವು. ಉಳಿದುದರಲ್ಲಿ ಬೀಜಕ್ಕೆ ತೆಗೆದಿರಿಸಿ, ಸಾಲ ತೀರಿಸಿದ ಮೇಲೆ ಮಿಕ್ಕದ್ದು ಒಕ್ಕಲಿನ ಮನೆಗೆ. ಚಾಲಗೇಣಿಯ ಒಕ್ಕಲಿಗೆ ಮುಂದಿನ ವರ್ಷ ಅದೇ ಗದ್ದೆ ಸಿಗುವ ಭರವಸೆಯೂ ಇರಲಿಲ್ಲ. ಅವನಿಗಿಂತ ಕೆಳಗಿದ್ದ ಮೂಲದಾಳುಗಳ ಪಾಡನ್ನು ಹೇಳುವುದೇ ಬೇಡ. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಒಂದು ತುಂಡು ಗದ್ದೆ ಬೇಸಾಯ ಮಾಡಬೇಕೆಂಬ ಚೋಮನ ಆಸೆಯನ್ನು ನಾನು ತರಗತಿಯಲ್ಲಿ ವಿವರಿಸುವಾಗಲೆಲ್ಲ, ಅದು ಆಸ್ತಿಯ ಆಸೆಗಿಂತ ಮಿಗಿಲಾಗಿ ಅನ್ನದ ಮೇಲಿನ ಹಕ್ಕಿನ ಆಸೆ ಎಂದು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ಕ್ಷಾಮಗಳ ಬಗ್ಗೆ ಪ್ರತಿಪಾದಿಸಿದ್ದೂ ಇದನ್ನೇ: ಊರಿನಲ್ಲಿ ಆಹಾರವಿದ್ದರೆ ಸಾಲದು, ಅದನ್ನು ಪಡೆಯುವ ಹಕ್ಕು ಮನುಷ್ಯನಿಗಿರಬೇಕು.

ಎರಡನೆಯದು ಋತು. ಕೊಳಕೆಯ ಅಕ್ಕಿ ಮುಗಿದು ಏಣೇಲಿನ ಪೈರು ಇನ್ನೂ ಹಸುರಾಗಿರುವ ಆಟಿ ತಿಂಗಳು, ಅಂದರೆ ಜುಲೈ–ಆಗಸ್ಟ್, ಹಸಿವಿನ ತಿಂಗಳಾಗಿತ್ತು. ಕೂಲಿ ಇಲ್ಲ, ಹೊಳೆಗೆ ನೆರೆ ಬಂದು ಸಂಕ ತೇಲಿಹೋದರೆ ಅಂಗಡಿಯೂ ಇಲ್ಲ. ಆಗ ಜೀವ ಉಳಿಸುತ್ತಿದ್ದುದು ತಜಂಕ್ ಸೊಪ್ಪು, ಕೆಸುವಿನೆಲೆ, ಕಣಿಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಮಣ್ಣು ಸವರಿ ಕಾಪಾಡಿದ ಹಲಸಿನ ಬೀಜ, ಕಾಡುಗೆಣಸು. ಬಿದಿರು ಹೂಬಿಟ್ಟ ವರ್ಷ ಬಿದಿರಕ್ಕಿ. ತೀರಾ ಕಷ್ಟಕ್ಕೆ ಬೈನೆ ಮರದ ತಿರುಳಿನ ಹಿಟ್ಟು. ಆಟಿ ಕಳೆಂಜ ಮನೆಮನೆಗೆ ಬಂದು ಮಾರಿ ಕಳೆದು ಅಕ್ಕಿ ಪಡೆದು ಹೋಗುವ ಸಂಪ್ರದಾಯವನ್ನು ಇಂದು ನಾವು ಜಾನಪದ ಕಲೆಯೆನ್ನುತ್ತೇವೆ. ಊರಿನಲ್ಲಿ ಅಕ್ಕಿ ಅತಿ ದುರ್ಲಭವಾದ ತಿಂಗಳಿನಲ್ಲಿಯೇ ಅಕ್ಕಿ ಬೇಡುವ ಈ ಕ್ರಮ ಏಕೆ ಬಂತು ಎಂದು ಯೋಚಿಸಿದರೆ ಅದರ ಅರ್ಥ ಬೇರೆಯೇ ಆಗಿ ಕಾಣುತ್ತದೆ.

ಈ ಬದುಕಿನೊಳಗೆ ಸರ್ಕಾರ ಪ್ರವೇಶಿಸಿದ್ದು ಯುದ್ಧದ ನೆಪದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಾಗ ಮದ್ರಾಸ್ ಪ್ರಾಂತ ತತ್ತರಿಸಿತು. ದಕ್ಷಿಣ ಕನ್ನಡ ಆಗ ಆ ಪ್ರಾಂತದ ಜಿಲ್ಲೆ. ಆಹಾರ ನಿಯಂತ್ರಣ, ರೇಶನ್ ಚೀಟಿ ಎಂಬ ಮಾತುಗಳು ಹಿರಿಯರ ಬಾಯಿಗೆ ಬಂದದ್ದು ಆ ಕಾಲದಲ್ಲಿ. 1952ರಲ್ಲಿ ರಾಜಾಜಿಯವರು ಮುಖ್ಯಮಂತ್ರಿಯಾಗಿ ನಿಯಂತ್ರಣವನ್ನು ತೆಗೆದುಹಾಕಿದರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1965–66ರ ಅಭಾವದಲ್ಲಿ ಅಮೆರಿಕದ ಗೋಧಿ ಬಂತು. ಶಾಲೆಗಳಲ್ಲಿ ಮಕ್ಕಳಿಗೆ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ದೊರೆಯತೊಡಗಿದವು. ಗಂಜಿಯುಂಡ ನಾಲಗೆಗೆ ಆ ವಾಸನೆ ಒಗ್ಗದಿದ್ದರೂ ಹೊಟ್ಟೆ ಬೇಡವೆನ್ನಲಿಲ್ಲ. ಮೊಳಹಳ್ಳಿ ಶಿವರಾಯರಂಥವರು ಬೆಳೆಸಿದ ಸಹಕಾರಿ ಸಂಘಗಳು ಹಳ್ಳಿಹಳ್ಳಿಗಳಲ್ಲಿ ಪಡಿತರ ಹಂಚುವ ಕೇಂದ್ರಗಳಾದವು. ನಮ್ಮಲ್ಲಿ ಇಂದಿಗೂ ನ್ಯಾಯಬೆಲೆ ಅಂಗಡಿಗೆ ‘ಸೊಸೈಟಿ’ ಎಂಬ ಹೆಸರೇ ನಿಂತಿದೆ.

ನಿಜವಾದ ತಿರುವು ಬಂದದ್ದು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ. ದೇವರಾಜ ಅರಸರ ಕಾಲದ ಆ ಕಾನೂನು ನಮ್ಮ ಜಿಲ್ಲೆಯಲ್ಲಿ ಜಾರಿಯಾದಷ್ಟು ಪರಿಣಾಮಕಾರಿಯಾಗಿ ಬೇರೆಡೆ ಜಾರಿಯಾದದ್ದು ವಿರಳ. ‘ಡಿಕ್ಲರೇಶನ್’ ಕೊಟ್ಟ ಒಕ್ಕಲು ಭೂನ್ಯಾಯ ಮಂಡಳಿಯ ಮುಂದೆ ನಿಂತು ಗದ್ದೆಯ ಒಡೆಯನಾದ. ಮುಡಿ ಕಟ್ಟಿ ಹೊತ್ತೊಯ್ಯುವ ದಿನ ಮುಗಿಯಿತು. ಆ ಕಾಲದಲ್ಲಿಯೂ ನೋವು ಅನುಭವಿಸಿದ ಮನೆಗಳಿದ್ದವು. ಗೇಣಿಯನ್ನೇ ನಂಬಿದ್ದ ಸಣ್ಣ ಒಡೆಯರು, ಒಂಟಿ ವಿಧವೆಯರು ಬರಿಗೈಯಾದರು. ಅದನ್ನು ಮರೆಯಬಾರದು. ಆದರೂ ಈ ತಾಲೂಕಿನ ಅಧಿಕ ಸಂಖ್ಯೆಯ ಒಲೆಗಳಲ್ಲಿ ಆಟಿಯಲ್ಲಿಯೂ ಅನ್ನ ಬೇಯುವಂತಾದದ್ದರ ಹಿಂದೆ ಆ ಕಾನೂನು ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಮೇಲಿನ ಕಥೆ ನಾವೇ ಕಂಡದ್ದು. ಸ್ವಂತವಾದ ಗದ್ದೆಯಲ್ಲಿ ರೈತನು ಲಾಭದ ಲೆಕ್ಕ ಹಾಕಿದ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಗಿ ಅಡಿಕೆಗೆ ಮಾರುಕಟ್ಟೆಯ ಆಸರೆ ದೊರೆತಿತ್ತು. ಆಳುಗಳ ಅಭಾವ, ಹಂದಿ–ಮಂಗಗಳ ಕಾಟ ಬೇರೆ. ಒಂದೊಂದಾಗಿ ಗದ್ದೆಗಳು ತೋಟಗಳಾದವು; ಗುಡ್ಡಗಳಿಗೆ ರಬ್ಬರು ಬಂತು. ಇದನ್ನು ತಪ್ಪೆಂದು ನಾನು ಹೇಳಲಾರೆ. ನನ್ನ ಎಷ್ಟೋ ವಿದ್ಯಾರ್ಥಿಗಳು ಇಂಜಿನಿಯರುಗಳಾದದ್ದು ಅಡಿಕೆಯ ದುಡ್ಡಿನಿಂದ. ಆದರೆ ಅದರ ಫಲವಾಗಿ, ಒಂದು ಕಾಲದಲ್ಲಿ ಸಮುದ್ರದಾಚೆಗೆ ಅಕ್ಕಿ ಕಳುಹಿಸಿದ ನಾಡು ಇಂದು ಲಾರಿಯ ಅಕ್ಕಿಯನ್ನು ಕಾಯುತ್ತದೆ. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಮತ್ತು ಅದೇ ವರ್ಷದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಹಸಿವನ್ನು ದೂರ ಓಡಿಸಿದವು. ಆದರೆ ಕುಚ್ಚಲಕ್ಕಿ ಉಣ್ಣುವ ಜನರ ಚೀಲಕ್ಕೆ ಬಿದ್ದದ್ದು ಹೆಚ್ಚಾಗಿ ಬೆಳ್ತಿಗೆ. ಊರಿನ ಕುಚ್ಚಲಕ್ಕಿಯನ್ನೇ ಪಡಿತರದಲ್ಲಿ ಕೊಡಿ ಎಂದು ಜನ ಕೇಳಿದರು. ಅಷ್ಟು ಭತ್ತವನ್ನು ಕೊಡಲು ಗದ್ದೆಗಳೆಲ್ಲಿ ಉಳಿದಿವೆ ಎಂಬ ಪ್ರಶ್ನೆ ಆಗ ಎದುರಾಯಿತು.

ಮೂರನೆಯದು ದಾರಿ. ಇದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಘಟ್ಟದ ತಪ್ಪಲಿನ ಮಲೆಕುಡಿಯರ ಮನೆಗಳಿಂದ ಸೊಸೈಟಿಗೆ ಬರಲು ಕಾಡುದಾರಿ, ಹೊಳೆ. ಬಂದರೂ ಹೆಬ್ಬೆಟ್ಟಿನ ಗುರುತಿಗೆ ನೆಟ್‌ವರ್ಕ್ ಸಿಗಬೇಕು. ದುಡಿದು ಸವೆದ ಬೆರಳನ್ನು ಯಂತ್ರ ಒಪ್ಪಬೇಕು. ಮಲವಂತಿಗೆ ಗ್ರಾಮದ ಎಳನೀರಿನವರ ಸ್ಥಿತಿಯಂತೂ ವಿಚಿತ್ರ. ಬೆಳ್ತಂಗಡಿಯ ತಾಲೂಕು ಕಚೇರಿಗೆ ವಾಹನದಲ್ಲಿ ಬರಬೇಕಾದರೆ ಘಟ್ಟವನ್ನು ಸುತ್ತಿ ಸುಮಾರು ನೂರು ಕಿಲೋಮೀಟರು ಕ್ರಮಿಸಬೇಕು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಬಳಿಕ ಕಾಡಿನ ಜನರಿಗೆ ಕಾಡಿನ ಆಹಾರವೂ ಮೊದಲಿನಂತೆ ಕೈಗೆಟುಕಲಿಲ್ಲ. ಮಲೆಕುಡಿಯರೂ ಸೇರಿದಂತೆ ಅರಣ್ಯವಾಸಿ ಬುಡಕಟ್ಟುಗಳಿಗೆ ಪೌಷ್ಟಿಕ ಆಹಾರ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ ರೂಪಿಸಿದಾಗ ಮೊದಲಿಗೆ ಆರಿಸಿಕೊಂಡದ್ದು ಮಳೆಗಾಲದ ತಿಂಗಳುಗಳನ್ನು. ಆಟಿಯ ಹಸಿವನ್ನು ಸರ್ಕಾರವೂ ಒಪ್ಪಿಕೊಂಡಿದೆ ಎಂದೇ ನಾನು ಇದನ್ನು ಅರ್ಥೈಸುತ್ತೇನೆ.

2019ರ ಆಗಸ್ಟ್ 9ರ ಆಸುಪಾಸಿನಲ್ಲಿ ಗುಡ್ಡಗಳು ಕುಸಿದು, ಮೃತ್ಯುಂಜಯ ಹೊಳೆ ಮರಳು–ಮರಗಳನ್ನು ಹೊತ್ತು ತಂದಾಗ ಚಾರ್ಮಾಡಿ, ಕೊಳಂಬೆಗಳ ತೋಟ–ಗದ್ದೆಗಳು ಮರಳಿನಡಿ ಹೂತುಹೋದವು. ಹಸುರು ನೆಲ ಮರಳುಗಾಡಾದದ್ದನ್ನು ಅಂದು ಕಣ್ಣಾರೆ ಕಂಡೆವು. ಘಾಟಿ ರಸ್ತೆ ಭಾರಿ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿತು. ಸಾಲದೆಂಬಂತೆ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಎರಡೂ ಬಾರಿ ಯಾರೂ ಹಸಿವಿನಿಂದ ಕಂಗೆಡದಂತೆ ಕಾಪಾಡಿದ್ದು ಸೊಸೈಟಿಯ ಅಕ್ಕಿ, ನೆರೆಮನೆಯವರ ಔದಾರ್ಯ, ಅಕ್ಕಪಕ್ಕದ ಊರುಗಳ ಯುವಕರ ಶ್ರಮ. ಆದರೆ ಮನೆಯ ಪತ್ತಾಯದಲ್ಲಿ ನಾಲ್ಕು ಮುಡಿ ಅಕ್ಕಿ ಇದ್ದ ಕಾಲದ ಧೈರ್ಯ ಅದರಲ್ಲಿರಲಿಲ್ಲ.

ನಾನು ಪಾಠ ಮಾಡುತ್ತಿದ್ದ ಕಾಲದ ಹಾಜರಿ ಪುಸ್ತಕಗಳು ಈಗ ಎಲ್ಲಿವೆಯೋ. ಜುಲೈ–ಆಗಸ್ಟ್ ತಿಂಗಳ ಪುಟಗಳಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟಿರುತ್ತಿದ್ದವು. ಮಳೆ, ಜ್ವರ ಎಂದು ಕಾರಣ ಹೇಳುತ್ತಿದ್ದರು. ಬುತ್ತಿಗೆ ಹಾಕಲು ಏನೂ ಇರಲಿಲ್ಲ ಎಂದು ಯಾವ ಮಗುವೂ ಹೇಳುತ್ತಿರಲಿಲ್ಲ, ಅಭಿಮಾನ ಬಿಡುತ್ತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯದ 2001ರ ಆದೇಶದ ಬೆನ್ನಿಗೆ, 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವು ನಮ್ಮತ್ತ ಬಂದ ಮೇಲೆ ಆ ಗುರುತುಗಳು ಕಡಿಮೆಯಾದವು. ಮಕ್ಕಳ ಹಸಿವಿನ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಹಳೆಯ ಹಾಜರಿ ಪುಸ್ತಕಗಳಿಗಿಂತ ಉತ್ತಮ ದಾಖಲೆ ಇರಲಾರದು.

ಈಗ ಬೆಂಗಳೂರು, ಮುಂಬಯಿಗಳಲ್ಲಿ ನೀವೆಲ್ಲ ‘ಆಟಿಡೊಂಜಿ ದಿನ’ ಆಚರಿಸಿ, ಪತ್ರೊಡೆ, ತಜಂಕ್ ವಡೆಗಳ ಚಿತ್ರಗಳನ್ನು ಕಳುಹಿಸುತ್ತೀರಿ. ಸಂತೋಷವೇ. ಅವು ರುಚಿಯಾದ ತಿನಿಸುಗಳೇ ಹೌದು. ಆದರೆ ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ, ಅವುಗಳನ್ನು ಮಾಡುವ ಕ್ರಮದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ಆ ದಿನಗಳಲ್ಲಿ ತಜಂಕಿನ ಜೊತೆ ಅನ್ನ ಇತ್ತೇ? ಗೇಣಿ ಎಷ್ಟು ಮುಡಿ? ಸಾಲದ ಅಕ್ಕಿ ಯಾರ ಮನೆಯಿಂದ ಬರುತ್ತಿತ್ತು? ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದು ನನಗೆ ಕಳುಹಿಸಿರಿ. ನನ್ನ ಬಳಿ ಬಂದದ್ದನ್ನೆಲ್ಲ ಒಂದೆಡೆ ಸೇರಿಸಿ ಇಡುತ್ತೇನೆ.