ಕನ್ನಡಿ ತಿರುಗಿಸುವ ಮೋಟಾರು

ಲೇಸರ್ ಪ್ರಿಂಟರಿನ ಗುಂಡಿ ಒತ್ತಿದೊಡನೆ ಕಾಗದ ಹೊರಬರುವುದಿಲ್ಲ. ಮೊದಲು ಒಳಗಿನಿಂದ ಸೀಟಿಯಂತಹ ಸದ್ದು ಏರುತ್ತಾ ಹೋಗಿ ಒಂದು ಶ್ರುತಿಯಲ್ಲಿ ನಿಲ್ಲುವುದನ್ನು ನೀವು ಕೇಳಿರಬಹುದು. ಅದು ಕನ್ನಡಿಯೊಂದನ್ನು ತಿರುಗಿಸುವ ಮೋಟಾರಿನ ಸದ್ದು. ಅದು ಶ್ರುತಿಗೆ ಬರುವ ತನಕ ಯಂತ್ರ ಒಂದಕ್ಷರವನ್ನೂ ಬರೆಯಲಾರದು.

ಈ ಕಥೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭವಾಗುತ್ತದೆ. 1960ರ ದಶಕದ ಕೊನೆಯಲ್ಲಿ, ಅಲ್ಲಿನ ಜೆರಾಕ್ಸ್ ಸಂಸ್ಥೆಯ ಎಂಜಿನಿಯರ್ ಗ್ಯಾರಿ ಸ್ಟಾರ್ಕ್‌ವೆದರ್ ಅವರಿಗೆ ಒಂದು ಯೋಚನೆ ಬಂತು. ನಕಲು ಯಂತ್ರ ಮೂಲಪ್ರತಿಯ ಬಿಂಬವನ್ನು ಡ್ರಮ್ಮಿನ ಮೇಲೆ ಬೀಳಿಸುತ್ತದೆ. ಮೂಲಪ್ರತಿಯೇ ಇಲ್ಲದೆ, ಕಂಪ್ಯೂಟರ್ ಹೇಳಿದ ಚುಕ್ಕೆಗಳನ್ನು ಲೇಸರ್ ಕಿರಣದಿಂದ ನೇರವಾಗಿ ಡ್ರಮ್ಮಿನ ಮೇಲೆ ಬರೆದರೆ ಹೇಗೆ? ಲೇಸರ್ ಬಲು ದುಬಾರಿ ಎಂದು ಮೇಲಿನವರು ಮೂಗು ಮುರಿದರು. ಅವರು ಪಟ್ಟು ಬಿಡಲಿಲ್ಲ. 1971ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋ ಸಂಶೋಧನಾ ಕೇಂದ್ರಕ್ಕೆ ಹೋಗಿ, ನಕಲು ಯಂತ್ರವೊಂದನ್ನು ಮಾರ್ಪಡಿಸಿ ಅದನ್ನು ಸಾಧಿಸಿದರು.

ಕಿರಣವನ್ನು ಬೀಸಲು ಅವರು ಬಳಸಿದ್ದು ಹಲವು ಮುಖಗಳ ಕನ್ನಡಿ. ಒಂದೊಂದು ಮುಖವೂ ಒಂದೊಂದು ಗೆರೆ ಎಳೆಯುತ್ತದೆ. ಮುಖವೊಂದು ಕೂದಲೆಳೆಯಷ್ಟು ವಾಲಿದರೂ ಗೆರೆ ಮೇಲೆ ಕೆಳಗೆ ಸರಿಯುತ್ತದೆ. ಆ ದೋಷವನ್ನು ಸಿಲಿಂಡರಿನಾಕಾರದ ಮಸೂರ ತಿದ್ದಿತು. ಆದರೆ ವೇಗವನ್ನು ತಿದ್ದುವ ಮಸೂರ ಎಲ್ಲೂ ಸಿಗುವುದಿಲ್ಲ!

ಲೆಕ್ಕ ಹಾಕಿ ನೋಡಿ. ಅಂಗುಲಕ್ಕೆ 300 ಗೆರೆ, ಕಾಗದ ಸೆಕೆಂಡಿಗೆ 2 ಅಂಗುಲ ಸಾಗುತ್ತದೆ ಎನ್ನಿ. ಆಗ ಸೆಕೆಂಡಿಗೆ 600 ಗೆರೆ ಬೇಕು. ಕನ್ನಡಿಗೆ 6 ಮುಖಗಳಿದ್ದರೆ ಅದು ಸೆಕೆಂಡಿಗೆ 100 ಸುತ್ತು, ಅಂದರೆ ನಿಮಿಷಕ್ಕೆ 6,000 ಸುತ್ತು ತಿರುಗಬೇಕು. ಪ್ರತಿ ಗೆರೆಯ ಆರಂಭವನ್ನು ಅಂಚಿನಲ್ಲಿರುವ ಬೆಳಕಿನ ಸಂವೇದಕವೊಂದು ಗುರುತಿಸುತ್ತದೆ. ಹಾಗಾಗಿ ಎಡಬದಿ ನೇರವಾಗಿರುತ್ತದೆ. ಮುಂದಿನದು ಮೋಟಾರಿನ ಪಾಲು. 8 ಅಂಗುಲದ ಗೆರೆಯಲ್ಲಿ 2,400 ಚುಕ್ಕೆಗಳು. ವೇಗ ನೂರಕ್ಕೆ ಒಂದರಷ್ಟು ತಪ್ಪಿದರೂ ಬಲಬದಿ 24 ಚುಕ್ಕೆ, ಅಂದರೆ ಸುಮಾರು 2 ಮಿಲಿಮೀಟರ್ ಸರಿದುಬಿಡುತ್ತದೆ.

ಇದನ್ನು ತಡೆಯುವುದು ಹೇಗೆ? ಕ್ವಾರ್ಟ್ಸ್ ಹರಳೊಂದು ಒಂದೇ ಸಮನೆ ತಾಳ ಹಾಕುತ್ತಿರುತ್ತದೆ. ಮೋಟಾರೂ ತಿರುಗುತ್ತಾ ತನ್ನದೇ ವಿದ್ಯುತ್ ಮಿಡಿತಗಳನ್ನು ಕಳಿಸುತ್ತದೆ. ಎರಡನ್ನೂ ಹೋಲಿಸುವ ಮಂಡಲವು ಮೋಟಾರು ಹಿಂದೆ ಬಿದ್ದರೆ ವಿದ್ಯುತ್ತನ್ನು ಹೆಚ್ಚಿಸುತ್ತದೆ, ಮುಂದೋಡಿದರೆ ತಗ್ಗಿಸುತ್ತದೆ. ಫ್ರಾನ್ಸಿನ ಆನ್ರಿ ದ ಬೆಲ್ಸಿಜ್ 1932ರಲ್ಲಿ ರೇಡಿಯೊಗಾಗಿ ವಿವರಿಸಿದ ಉಪಾಯವೇ ಇದರ ಮೂಲ. ಹಳೆಯ ಟಿ.ವಿ.ಗಳಲ್ಲಿ ಚಿತ್ರದ ಗೆರೆಗಳನ್ನು ಹಿಡಿದಿಡುತ್ತಿದ್ದುದೂ ಇದೇ ಬಗೆಯ ಮಂಡಲ. ಹಿಡಿತ ತಪ್ಪಿದಾಗ ಚಿತ್ರ ಓರೆಯಾಗಿ ಸೀಳಿಹೋಗುತ್ತಿತ್ತು; ಮನೆಯ ಹಿರಿಯರನ್ನು ಕೇಳಿ, ನೆನಪಿರುತ್ತದೆ.

ಡ್ರಮ್ಮನ್ನೂ ಕಾಗದವನ್ನೂ ಸಾಗಿಸುವ ಮೋಟಾರು ಬೇರೆ. ಹಲವು ಯಂತ್ರಗಳಲ್ಲಿ ಅದು ಸ್ಟೆಪರ್ ಮೋಟಾರು: ಒಂದು ಮಿಡಿತಕ್ಕೆ ಒಂದು ಹೆಜ್ಜೆ. ಅದರ ಹಲ್ಲುಚಕ್ರ ಸವೆದರೆ ಗೆರೆಗಳು ಒಮ್ಮೆ ಒತ್ತಾಗಿ, ಒಮ್ಮೆ ವಿರಳವಾಗಿ ಬೀಳುತ್ತವೆ. ಬೂದುಬಣ್ಣದ ಚಿತ್ರದಲ್ಲಿ ಅಡ್ಡಪಟ್ಟೆಗಳು ಕಂಡರೆ ಈ ಮೋಟಾರಿನ ಕಡೆಗೂ ಒಂದು ಕಣ್ಣಿಡಿ.

1977ರ ಜೆರಾಕ್ಸ್ 9700 ನಿಮಿಷಕ್ಕೆ 120 ಪುಟ ಮುದ್ರಿಸುತ್ತಿದ್ದ ದೈತ್ಯ. 1984ರಲ್ಲಿ ಬಂದ ಎಚ್.ಪಿ. ಲೇಸರ್‌ಜೆಟ್ ನಿಮಿಷಕ್ಕೆ 8 ಪುಟದ್ದು, ಆದರೆ ಮೇಜಿನ ಮೇಲೆ ಕೂರುವಂಥದ್ದು. ಅಷ್ಟರಲ್ಲಿ ಅನಿಲ ಕೊಳವೆಯ ಲೇಸರ್ ಹೋಗಿ ಅರೆವಾಹಕದ ಪುಟ್ಟ ಲೇಸರ್ ಬಂದಿತ್ತು. ಕನ್ನಡಿ ಮಾತ್ರ ತಿರುಗುತ್ತಲೇ ಉಳಿಯಿತು.