ಸ್ಟಾಲ್ ಸುರಕ್ಷತೆ ಮತ್ತು ರೆಕ್ಕೆಯ ಮಾರ್ಪಾಡು: ಹವ್ಯಾಸಿಗಳು ಕಟ್ಟಿದ ವಿಮಾನಗಳ ಚರಿತ್ರೆಯಲ್ಲಿ

ಹಾರುವ ವಿಮಾನದ ರೆಕ್ಕೆ ಗಾಳಿಗೆ ಅತಿಯಾಗಿ ಮುಖವೆತ್ತಿದಾಗ, ಅದರ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಬಂದು ಸುಳಿಗಳಾಗಿ ಒಡೆಯುತ್ತದೆ. ರೆಕ್ಕೆಯ ಎತ್ತುಬಲ ಕುಸಿಯುತ್ತದೆ. ವಿಮಾನಯಾನದಲ್ಲಿ ಇದಕ್ಕೆ ಸ್ಟಾಲ್ ಎಂದು ಹೆಸರು. ಎಂಜಿನ್ ಕೆಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಪೂರ್ಣ ಶಕ್ತಿಯಲ್ಲಿ ಓಡುತ್ತಿರುವಾಗಲೂ ರೆಕ್ಕೆ ಸ್ಟಾಲ್ ಆಗಬಹುದು. ಸಾಮಾನ್ಯ ರೆಕ್ಕೆಗಳಲ್ಲಿ ಇದು 15 ಡಿಗ್ರಿಯ ಆಸುಪಾಸಿನ ಕೋನದಲ್ಲಿ ಸಂಭವಿಸುತ್ತದೆ. ಎರಡು ರೆಕ್ಕೆಗಳಲ್ಲಿ ಒಂದು ಮೊದಲು ಸೋತರೆ ವಿಮಾನ ಆ ಕಡೆಗೆ ಮಗುಚಿ, ಬುಗುರಿಯಂತೆ ಸುತ್ತುತ್ತಾ ಬೀಳತೊಡಗುತ್ತದೆ. ಇದು ಸ್ಪಿನ್. ಎತ್ತರದಲ್ಲಿ ಇದರಿಂದ ಹೊರಬರಲು ಅವಕಾಶವಿದೆ. ಇಳಿಯುವ ಮುನ್ನ ರನ್‌ವೇ ಕಡೆಗೆ ತಿರುಗುವ ಕೊನೆಯ ತಿರುವಿನಲ್ಲಿ ಆ ಅವಕಾಶ ಇಲ್ಲ. ಸಣ್ಣ ವಿಮಾನಗಳಲ್ಲಿ ಸ್ಟಾಲ್ ಹೆಚ್ಚಾಗಿ ಪ್ರಾಣ ತೆಗೆದಿರುವುದು ಅಂಥ ತಗ್ಗಿನಲ್ಲೇ.

ಗಾಳಿಪಟ ಹಾರಿಸಿದವರಿಗೆ ಈ ಪಾಠದ ಅರ್ಧ ಮೊದಲೇ ಗೊತ್ತು. ಸೂತ್ರದ ಗಂಟು ಎರಡು ಬೆರಳು ಕೆಳಗೆ ಸರಿದರೆ ಪಟ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ಏರುವ ಬದಲು ತೂಗಾಡಿ ಗೋತಾ ಹೊಡೆಯುತ್ತದೆ. ಉಳಿದರ್ಧವನ್ನು ಹದ್ದು ತೋರಿಸುತ್ತದೆ. ಕಲಬುರಗಿ ಜಿಲ್ಲೆಯ ಜೇವರ್ಗಿಯ ಕಡೆ ತೊಗರಿ ಹೊಲದ ಬದುವಿನ ಬೇವಿನ ಮರಕ್ಕೆ ಹದ್ದು ಬಂದಿಳಿಯುವಾಗ ಅದರ ರೆಕ್ಕೆಯ ಮಣಿಕಟ್ಟನ್ನು ನೋಡಬೇಕು. ವೇಗ ಕಡಿಮೆಯಾಗಿ ರೆಕ್ಕೆ ಮೇಲಕ್ಕೆ ವಾಲಿದಂತೆ, ಹೆಬ್ಬೆರಳಿನ ಜಾಗದ ಒಂದು ಚಿಕ್ಕ ಗರಿಗೊಂಚಲು ಮುಂದಂಚಿನಿಂದ ಬೇರ್ಪಟ್ಟು ನಿಲ್ಲುತ್ತದೆ. ಅದರ ನೆರವಿನಿಂದ ಗಾಳಿ ರೆಕ್ಕೆಯ ಬೆನ್ನನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಮನುಷ್ಯ ಇದೇ ಉಪಾಯವನ್ನು ತನ್ನ ರೆಕ್ಕೆಗೆ ಅಳವಡಿಸಲು 20ನೇ ಶತಮಾನದ ಎರಡನೇ ದಶಕದವರೆಗೆ ಕಾಯಬೇಕಾಯಿತು.

ಈ ಚರಿತ್ರೆ ಆರಂಭವಾಗುವುದೇ ಒಂದು ಸಾವಿನಿಂದ. ತನ್ನ ಗ್ಲೈಡರ್‌ಗಳನ್ನು ತಾನೇ ಕಟ್ಟಿ ಹಾರಿಸುತ್ತಿದ್ದ ಜರ್ಮನಿಯ ಒಟ್ಟೋ ಲಿಲಿಯೆಂತಾಲ್ 1896ರ ಆಗಸ್ಟ್ 9ರಂದು ಸ್ಟಾಲ್ ಆಗಿ ಸುಮಾರು 15 ಮೀಟರ್ ಎತ್ತರದಿಂದ ಬಿದ್ದು, ಮರುದಿನ ತೀರಿಕೊಂಡ. ಆ ಸುದ್ದಿ ಅಮೆರಿಕದ ರೈಟ್ ಸಹೋದರರ ಮನಸ್ಸಿನಲ್ಲಿ ಉಳಿಯಿತು. ಅವರು ಏರಿಳಿತದ ನಿಯಂತ್ರಣ ಫಲಕವನ್ನು ಬಾಲದಲ್ಲಿಡದೆ ಮೂತಿಯ ಮುಂದೆ ಇಟ್ಟರು. ಅವರ ಗ್ಲೈಡರ್ ಸ್ಟಾಲ್ ಆದಾಗ ಮೂತಿ ಕೆಳಗಾಗಿ ನೆಲಕ್ಕೆ ಚುಚ್ಚದೆ, ಮಟ್ಟಸವಾಗಿ ಮರಳಿನ ಮೇಲೆ ಕೂತಿತು.

ರೆಕ್ಕೆಯ ಮುಂದಂಚಿನಲ್ಲಿ ಸೀಳು ಬಿಡುವ ಆಲೋಚನೆ ಜರ್ಮನಿಯ ಪೈಲಟ್ ಗುಸ್ತಾವ್ ಲಾಖ್ಮನ್‌ಗೆ ಹೊಳೆದದ್ದು 1917ರಲ್ಲಿ, ಸ್ಟಾಲ್‌ನಿಂದಲೇ ಬಿದ್ದು ಆಸ್ಪತ್ರೆಯಲ್ಲಿ ಮಲಗಿದ್ದಾಗ. ಅದೇ ಕಾಲಕ್ಕೆ ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡಿದ್ದ. ಅಮೆರಿಕದ ಫ್ರೆಡ್ ವೈಕ್ ಬೇರೆ ದಾರಿ ಹಿಡಿದ. 1940ರಲ್ಲಿ ಪ್ರಮಾಣಪತ್ರ ಪಡೆದ ಅವನ ಎರ್‌ಕೂಪ್ ವಿಮಾನದಲ್ಲಿ ಪೈಲಟ್ ಎಷ್ಟೇ ಎಳೆದರೂ ರೆಕ್ಕೆ ಸ್ಪಿನ್‌ಗೆ ಬೀಳುವಷ್ಟು ಏರದಂತೆ ನಿಯಂತ್ರಣದ ಚಲನೆಗೇ ಮಿತಿ ಹಾಕಲಾಗಿತ್ತು.

ರೆಕ್ಕೆಯನ್ನೇ ತಿದ್ದುವವರು ಪಾಲಿಸುವ ನಿಯಮ ಒಂದಿದೆ: ರೆಕ್ಕೆ ಸೋಲುವುದಾದರೆ ಬುಡದಲ್ಲಿ ಮೊದಲು ಸೋಲಬೇಕು, ತುದಿಯಲ್ಲಿ ಕೊನೆಗೆ. ತುದಿ ಜೀವಂತವಿದ್ದರೆ ಅಲ್ಲಿರುವ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲರಾನ್ ಫಲಕಗಳು ಕೆಲಸ ಮಾಡುತ್ತವೆ, ವಿಮಾನ ಮಗುಚುವುದಿಲ್ಲ. ಇದಕ್ಕಾಗಿ ತುದಿಯನ್ನು ಒಂದೆರಡು ಡಿಗ್ರಿ ಕೆಳಮುಖವಾಗಿ ತಿರುಚುತ್ತಾರೆ. ಬುಡದ ಮುಂದಂಚಿಗೆ ತ್ರಿಕೋನದ ಪಟ್ಟಿ ಅಂಟಿಸಿ ಅಲ್ಲಿ ಗಾಳಿ ಬೇಗ ಕಿತ್ತುಬರುವಂತೆ ಮಾಡುತ್ತಾರೆ. ರೆಕ್ಕೆಯ ಬೆನ್ನಿನ ಮೇಲೆ ಸಣ್ಣ ತಗಡುಗಳನ್ನು ಸಾಲಾಗಿ ನಿಲ್ಲಿಸಿ ಗಾಳಿಗೆ ಸುಳಿಯ ಬಲ ತುಂಬುತ್ತಾರೆ. 1970ರ ದಶಕದ ಕೊನೆಯಿಂದ ಅಮೆರಿಕದ ನಾಸಾದ ಲ್ಯಾಂಗ್ಲಿ ಕೇಂದ್ರ ರೆಕ್ಕೆಯ ಹೊರಭಾಗದ ಮುಂದಂಚಿಗೆ ಮಾತ್ರ ಬಾಗಿದ ಕವಚ ತೊಡಿಸಿ ಪರೀಕ್ಷಿಸಿತು. ಕವಚ ಶುರುವಾಗುವ ಕಡೆ ಅಂಚು ಥಟ್ಟನೆ ಮುರಿದಿರಬೇಕು. ಆ ಮುರಿತದಿಂದ ಏಳುವ ಸುಳಿಯೇ ಬುಡದ ಸ್ಟಾಲ್ ತುದಿಗೆ ಹರಡದಂತೆ ಬೇಲಿ ಕಟ್ಟುತ್ತದೆ. ಮನೆಯಲ್ಲಿ ಜೋಡಿಸುವ ವಿಕೆ-30 ಕಿಟ್ ವಿಮಾನದಿಂದ ಆರಂಭಿಸಿದ ಸಿರಸ್ ಕಂಪನಿ ಈ ಉಪಾಯವನ್ನು 1998ರಲ್ಲಿ ಪ್ರಮಾಣಪತ್ರ ಪಡೆದ ತನ್ನ ಎಸ್‌ಆರ್-20ಕ್ಕೆ ತಂದಿತು.

ಹವ್ಯಾಸಿಗಳ ಲೋಕ ಸಂಘಟಿತವಾದದ್ದು 1953ರಲ್ಲಿ, ಪಾಲ್ ಪೊಬೆರೆಜ್ನಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿದಾಗ. ಆದರೆ ಸ್ಟಾಲ್‌ನ ವಿಷಯದಲ್ಲಿ ಆ ಲೋಕವನ್ನು ಬದಲಿಸಿದವನು ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್. ಅವನ ವ್ಯಾರಿ-ಈಝಿ (1975) ಮತ್ತು ಲಾಂಗ್-ಈಝಿ (1979) ವಿಮಾನಗಳಲ್ಲಿ ದೊಡ್ಡ ರೆಕ್ಕೆ ಹಿಂದೆ, ಕ್ಯಾನಾರ್ಡ್ ಎಂಬ ಚಿಕ್ಕ ರೆಕ್ಕೆ ಮುಂದೆ. ಚಿಕ್ಕದು ಮೊದಲು ಸ್ಟಾಲ್ ಆಗುವಂತೆ ಕೋನ ಹೊಂದಿಸಲಾಗಿದೆ. ಅದು ಸೋತ ಕೂಡಲೇ ಮೂತಿ ತಾನಾಗಿ ತಗ್ಗುತ್ತದೆ, ವೇಗ ಮರಳುತ್ತದೆ. ತೂಕ ಸರಿಯಾಗಿ ಹಂಚಿದ್ದರೆ ದೊಡ್ಡ ರೆಕ್ಕೆ ಸೋಲುವ ಕೋನಕ್ಕೆ ಹೋಗುವುದೇ ಇಲ್ಲ. ಫೋಮ್ ಕತ್ತರಿಸಿ ಮೇಲೆ ಗಾಜಿನ ನಾರಿನ ಬಟ್ಟೆ, ರಾಳ ಹಚ್ಚಿ ಗ್ಯಾರೇಜಿನಲ್ಲೇ ಕಟ್ಟಬಹುದಾದ ವಿಮಾನ ಅದು.

ಬೆಂಗಳೂರು ಈ ಕಥೆಯೊಳಗೆ ಬರುವುದು ಇಲ್ಲಿಯೇ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಲಾಂಗ್-ಈಝಿಯ ವಿನ್ಯಾಸವನ್ನೇ ಆಧರಿಸಿ ಲೈಟ್ ಕ್ಯಾನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್ ಎಂಬ ಪ್ರಯೋಗ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಆಗ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಮೇಲ್ಮೈಗೆ ಅಂಟಿಕೊಂಡ ಗಾಳಿಪದರದ ಅಧ್ಯಯನಕ್ಕೆ ಹೆಸರಾದವರು. ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ. ಹವ್ಯಾಸಿಗಳ ನಕ್ಷೆಯನ್ನು ಸರ್ಕಾರಿ ಪ್ರಯೋಗಾಲಯವೊಂದು ಗೌರವದಿಂದ ಕೈಗೆತ್ತಿಕೊಂಡದ್ದು ನಮ್ಮ ವಿಮಾನ ಚರಿತ್ರೆಯ ದೊಡ್ಡ ಹೆಜ್ಜೆ ಎಂದೇ ಹೇಳಬೇಕು. ಆ ಕೆಲಸದಲ್ಲಿ ಪಳಗಿದ ಸಂಯುಕ್ತ ವಸ್ತುಗಳ ಕೈಚಳಕ ಮುಂದೆ ಎರಡು ಆಸನದ ಹಂಸ ವಿಮಾನಕ್ಕೆ ದಾರಿಯಾಯಿತು. ಹಂಸ ಮೊದಲು ಹಾರಿದ್ದು 1993ರಲ್ಲಿ. ಹಂಸ-3ಕ್ಕೆ ಪ್ರಮಾಣಪತ್ರ ಸಿಕ್ಕಿದ್ದು 2000ದಲ್ಲಿ. ಹೊಸ ಪೀಳಿಗೆಯ ಹಂಸ-ಎನ್‌ಜಿ ಹಾರಿದ್ದು 2021ರ ಸೆಪ್ಟೆಂಬರ್ 3ರಂದು.

ಕ್ಯಾನಾರ್ಡ್ ಕೂಡ ಪರಿಪೂರ್ಣವಾಗಿರಲಿಲ್ಲ. ಲಾಂಗ್-ಈಝಿಯ ಮೊದಲ ಕ್ಯಾನಾರ್ಡ್ ಮಳೆಯಲ್ಲಿ ನೆನೆದರೆ ಎತ್ತುಬಲ ಕಳೆದುಕೊಂಡು ಮೂತಿ ತಗ್ಗುತ್ತಿತ್ತು. ನುಣುಪಾದ ಗಾಳಿಪದರವನ್ನು ಮಳೆಹನಿಗಳೇ ಕದಡುತ್ತಿದ್ದವು. ರೆಕ್ಕೆಯ ಆಕಾರಗಳ ವಿನ್ಯಾಸಕ ಜಾನ್ ರೋಂಜ್ ಕ್ಯಾನಾರ್ಡ್‌ಗೆ ಹೊಸ ಅಡ್ಡಕೊಯ್ತ ರೂಪಿಸಿಕೊಟ್ಟ ಮೇಲೆ ಆ ತೊಂದರೆ ತೀರಿತು. ಅದಕ್ಕಿಂತ ಭಾರಿ ಅಪಾಯ ತೂಕದ ಕೇಂದ್ರ ಹಿಂದೆ ಸರಿದಾಗ ಬರುತ್ತದೆ. ಆಗ ಹಿಂದಿನ ದೊಡ್ಡ ರೆಕ್ಕೆಯೇ ಮೊದಲು ಸೋತು, ವಿಮಾನ ಮಟ್ಟಸವಾಗಿಯೇ ಕೆಳಗಿಳಿಯುತ್ತದೆ. ಮೂತಿ ತಗ್ಗಿಸುವ ಬಲ ಕ್ಯಾನಾರ್ಡ್‌ಗೆ ಉಳಿದಿರುವುದಿಲ್ಲ. 1990ರ ಸುಮಾರಿಗೆ ವೆಲಾಸಿಟಿ ಎಂಬ ಕಿಟ್ ವಿಮಾನ ಇದನ್ನು ಅನುಭವಿಸಿತು. ರೆಕ್ಕೆಯ ಮುಂದಂಚಿಗೆ ಕವಚ ತೊಡಿಸಿದ ಮೇಲೆ ಸರಿಹೋಯಿತು. ಅದೇ ಬಗೆಯ ಕೋಝಿ ಮಾರ್ಕ್-4 ವಿಮಾನದಲ್ಲಿ ವಿನ್ಯಾಸಕಾರನೇ ಕ್ಯಾನಾರ್ಡನ್ನು ಕೆಲವು ಇಂಚು ಮೊಟಕುಗೊಳಿಸಲು ಹೇಳಿದ, ಮುಂದಿನದೇ ಮೊದಲು ಸೋಲಲಿ ಎಂದು. ಕೆಲವು ಇಂಚುಗಳ ಅಂತರದಲ್ಲಿ ಸಾವು-ಬದುಕು ತೀರ್ಮಾನವಾಗುವ ಕೆಲಸ ಇದು. ಚೆಂದ ಕಾಣಲೆಂದೋ ಇನ್ನಷ್ಟು ವೇಗ ಬರಲೆಂದೋ ನಕ್ಷೆಯನ್ನು ಬದಲಿಸುವವನು ಈ ಕಥೆಗಳನ್ನು ಮೊದಲು ಓದಬೇಕು.

ಬೆಂಗಳೂರಿನದೇ ರಾಜ್‌ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆ ಇನ್ನೊಂದು ಬಗೆಯ ಕೊಡುಗೆ ಕೊಟ್ಟಿತು. ಅಲ್ಯೂಮಿನಿಯಂ ಕೊಳವೆಗಳ ಮೇಲೆ ಡ್ಯಾಕ್ರಾನ್ ಬಟ್ಟೆ ಎಳೆದು ಕಟ್ಟುವ ಅದರ ಎಕ್ಸ್-ಏರ್ ಕಿಟ್‌ಗಳು ಬ್ರಿಟನ್, ಫ್ರಾನ್ಸ್ ಮೊದಲಾದ ದೇಶಗಳ ಹವ್ಯಾಸಿಗಳ ಕೊಟ್ಟಿಗೆ, ಗ್ಯಾರೇಜುಗಳನ್ನು ತಲುಪಿದವು. ಅದರ ಹನುಮಾನ್ ಮಾದರಿಯನ್ನು ಹೊರಗಿನವರು ಎಕ್ಸ್-ಏರ್ ಹಾಕ್ ಎಂದು ಬಲ್ಲರು. ಇಂಥ ಹಗುರ ವಿಮಾನಗಳಿಗೆ ಯುರೋಪಿನ ಮೈಕ್ರೋಲೈಟ್ ನಿಯಮ ಸ್ಟಾಲ್ ವೇಗವನ್ನು ಗಂಟೆಗೆ 65 ಕಿಲೋಮೀಟರ್‌ಗೆ ಮಿತಿಗೊಳಿಸಿತ್ತು. ಬಿದ್ದರೂ ನಿಧಾನವಾಗಿ ಬೀಳಲಿ ಎಂಬ ಈ ನಿಯಮ ಬಹಳ ಜೀವಪರವಾದದ್ದು.

ದೊಡ್ಡ ಕಾರ್ಖಾನೆಗೂ ಸ್ಟಾಲ್ ಸುಲಭದಲ್ಲಿ ಬಗ್ಗಲಿಲ್ಲ. ಹಿಂದುಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಸಂಸ್ಥೆಯ ತರಬೇತಿ ಜೆಟ್ ಎಚ್‌ಜೆಟಿ-36 ಮೊದಲು ಹಾರಿದ್ದು 2003ರ ಮಾರ್ಚ್ 7ರಂದು. 2011ರಲ್ಲಿ ಅದರ ಒಂದು ವಿಮಾನ ಪರೀಕ್ಷೆಯ ವೇಳೆ ಬಿತ್ತು. ಪೈಲಟ್‌ಗಳು ಹೊರಚಿಮ್ಮಿ ಬದುಕಿದರು. ಸ್ಟಾಲ್ ಮತ್ತು ಸ್ಪಿನ್ ಗುಣವನ್ನು ತಿದ್ದಲು ಕೊನೆಗೆ ನೆಟ್ಟಗಿನ ಬಾಲವನ್ನೇ ಹಿಂದಕ್ಕೆ ಸರಿಸಬೇಕಾಯಿತು. 2019ರ ಏಪ್ರಿಲ್‌ನಲ್ಲಿ ಮತ್ತೆ ಹಾರಿದ ವಿಮಾನ, ಎಡಕ್ಕೂ ಬಲಕ್ಕೂ ಆರಾರು ಸುತ್ತಿನ ಸ್ಪಿನ್ ಪರೀಕ್ಷೆ ಮುಗಿಸಿದ್ದು 2022ರ ಹೊತ್ತಿಗೆ. ಗಾಳಿಸುರಂಗ, ಗಣಕ, ಪರೀಕ್ಷಾ ಪೈಲಟ್ ಎಲ್ಲ ಇದ್ದವರಿಗೇ ಇಷ್ಟು ವರ್ಷ ಹಿಡಿಯಿತು.

ಹವ್ಯಾಸಿಗೆ ಇರುವುದು ಎತ್ತರ, ದಾಖಲೆ ಪುಸ್ತಕ ಮತ್ತು ತಾಳ್ಮೆ. ಅಮೆರಿಕದಲ್ಲಿ ಹೊಸದಾಗಿ ಕಟ್ಟಿದ ವಿಮಾನಕ್ಕೆ ಸಾಮಾನ್ಯವಾಗಿ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟ ಕಡ್ಡಾಯ. ರೆಕ್ಕೆಯಲ್ಲಿ ದೊಡ್ಡ ಬದಲಾವಣೆ ಮಾಡಿದರೆ ಮತ್ತೆ ಪರೀಕ್ಷೆಗೆ ಇಳಿಯಬೇಕು. ಮಾರ್ಪಡಿಸಿದ ರೆಕ್ಕೆಯ ವಿಮಾನ ಹೊಸ ವಿಮಾನವೇ. ಇಂಥ ತಾಳ್ಮೆಗೆ ಭಾರತದಲ್ಲೂ ಉದಾಹರಣೆಯಿದೆ: ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ ಸಿಕ್ಕಿತು.

ಈ ಪಾಠ ಈಗ ಕಲಬುರಗಿಗೂ ಬೇಕಾದದ್ದು. ಅಲ್ಲಿನ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ತರಬೇತಿಗೆ ಆಯ್ದ ಐದು ನಿಲ್ದಾಣಗಳಲ್ಲಿ ಅದೂ ಒಂದು. ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರಿಗೆ ಸಣ್ಣ ವಿಮಾನ ಈಗ ದೂರದ ವಸ್ತುವಲ್ಲ. ಅವರಲ್ಲಿ ಯಾರಾದರೂ ಮುಂದೆ ರೆಕ್ಕೆ ಕಟ್ಟುವವರಿದ್ದರೆ ಈ ಸೀಮೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ, ಮೇ ತಿಂಗಳ 43 ಡಿಗ್ರಿ ಉಷ್ಣತೆ ಎರಡೂ ಸೇರಿದರೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಕ್ಕಿಂತ ಸುಮಾರು ಶೇ. 14 ಕಡಿಮೆ. ಸ್ಟಾಲ್ ಆಗುವಾಗ ವೇಗಮಾಪಕದ ಮುಳ್ಳು ಎಂದಿನ ಅಂಕಿಯನ್ನೇ ತೋರಿಸುತ್ತದೆ, ನಿಜವಾದ ವೇಗ ಮಾತ್ರ ಶೇ. 7ರಿಂದ 8ರಷ್ಟು ಹೆಚ್ಚಿರುತ್ತದೆ. 60 ಡಿಗ್ರಿ ವಾಲಿ ಮಟ್ಟವಾಗಿ ತಿರುಗಿದರೆ ಸ್ಟಾಲ್ ವೇಗ ಶೇ. 41ರಷ್ಟು ಏರುತ್ತದೆ. ಇಳಿಯುವ ಕೊನೆಯ ತಿರುವಿನಲ್ಲಿ ಅಷ್ಟು ವಾಲಿಸಬೇಡಿ.